ಹಳದಿಯಾಗದ ಕಾಲಮ್

"ಅಮ್ಮನಿಗೆ ನೀನು ಹೆಸರಿಗೆ ಮಾತ್ರ ಮಗ ಕಣೋ."

ಆಸ್ಪತ್ರೆಯ ವೇಟಿಂಗ್ ರೂಮಿನಲ್ಲಿ ಅಕ್ಕ ತಮ್ಮನಿಗೆ ಹೀಗೆ ಅಂದಾಗ ಎದುರು ಬೆಂಚಿನವರೆಲ್ಲ ಅವನತ್ತ ತಿರುಗಿದರು. ಬೇರೆಯವರ ಮನೆ ಜಗಳವನ್ನು ಬಾಯಿ ಬಿಟ್ಟುಕೊಂಡು ನೋಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಪಕ್ಕದಲ್ಲೇ ಕೂತವನು ನಾನು, ಕಿವಿಯನ್ನು ಎಲ್ಲಿ ಬಚ್ಚಿಡಲಿ?

"ಯಾಕಕ್ಕ, ಏನಾಯ್ತು?"

"ಅಮ್ಮನ್ನ ಎಬ್ಬಿಸಿ ನಡೆಸೋಕೆ ಇಬ್ಬರು ಬೇಕು ಅಂತ ನರ್ಸ್ ಹೇಳಿಲ್ವಾ? ಮೂರೂ ಜನ ಬಿಡುವಿನ ತಾರೀಕು ಫೋನಿನ ಎಕ್ಸೆಲ್ ಶೀಟಲ್ಲಿ ತುಂಬಿದೀವಿ. ಇಬ್ಬರದು ಒಂದೇ ದಿನ ಬಂದ್ರೆ ಆ ತಾರೀಕು ತಾನೇ ಹಳದಿ ಆಗೋ ಹಾಗೆ ಮಾಡಿದೀನಿ. ನನ್ನದು, ತಂಗೀದು ಆಗಿದೆ. ನಿನ್ನ ಕಾಲಮ್ಮಲ್ಲಿ ಒಂದಾದ್ರೂ ಹಳದಿ ಇದ್ಯಾ? ನಾವಿಲ್ಲದ ದಿನಾನೇ ಹುಡುಕಿ ಹುಡುಕಿ ಹಾಕಿದೀಯ."

"ಫೋನ್ ಕೊಡು ಇಲ್ಲಿ. ನೋಡು, ಹನ್ನೆರಡನೇ ತಾರೀಕು ನಿನ್ನದರಲ್ಲೂ ಇದೆ, ನನ್ನದರಲ್ಲೂ ಇದೆ. ಬಣ್ಣ ಹಾಕುವಾಗ ಎಷ್ಟು ಕಾಲಮ್ ಸೆಲೆಕ್ಟ್ ಮಾಡಿದ್ದೆ?"

"ಎರಡು. ಆಗ ನಿನ್ನದು ಖಾಲಿ ಇತ್ತು. ನೀನೆಲ್ಲಿ ತುಂಬ್ತೀಯ ಅಂತ ಬಿಟ್ಟೆ."

"ಅದಕ್ಕೇ ನನ್ನದು ಹಳದಿ ಆಗಿಲ್ಲ. ಈಗ ಮೂರೂ ಸೇರಿಸಿ ಹಾಕ್ತೀನಿ."

"ಅಯ್ಯೋ, ನಿನ್ನದೆಲ್ಲಾ ಹಳದಿ ಆಯ್ತಲ್ಲೋ."

"ನೀವು ಬರೋ ದಿನ ನೋಡ್ಕೊಂಡೇ ನಾನು ರಜೆ ಕೇಳಿದ್ದು."

"ಇಷ್ಟು ಜನರ ಮುಂದೆ ಏನೇನೋ ಅಂದುಬಿಟ್ಟೆ. ಬೇಜಾರಾಯ್ತಾ ಪುಟ್ಟ?"

ಅವನು ಬೆಂಚಿನ ಕೆಳಗಿದ್ದ ಅಮ್ಮನ ಚಪ್ಪಲಿಯನ್ನು ಕೈಗೆತ್ತಿಕೊಂಡು ವಾರ್ಡಿನ ಕಡೆ ನಡೆದ. ಅಲ್ಲಿ ಬಾಗಿಲು ಮುಚ್ಚಿಕೊಳ್ಳದ ಹಾಗೆ ಕಾಲು ಅಡ್ಡ ಇಟ್ಟು, ಅಕ್ಕ ಬಂದು ಸೇರುವ ತನಕ ನಿಂತ.