ಹೆಣ್ಣು ಕೊಟ್ಟ ಮಾಂತ್ರಿಕ

ಹೊಳಲ್ಕೆರೆ ಸ್ಟೇಷನ್ನಿನಲ್ಲಿ ರೈಲು ತಡವಾಗಿತ್ತು. ಪಕ್ಕದ ಬೆಂಚಿನಲ್ಲಿ ಬಯಲಾಟದವರಿಬ್ಬರು ಕುಳಿತಿದ್ದರು. ಬೀಡಿ ಸೇದುತ್ತಿದ್ದವನ ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿತ್ತು. ಗೆಳೆಯ ಅವನನ್ನು ಓಬಳೇಶ ಎನ್ನುತ್ತಿದ್ದ.

“ಲೇ, ರಾತ್ರಿ ಆಟದಲ್ಲಿ ನೀನು ರಾಜಕುಮಾರ. ಮಾಂತ್ರಿಕ ಕೆಳಗೆ ಬಿದ್ದಿದ್ದ. ಎದೆ ಮೇಲೆ ಕಾಲಿಟ್ಟು ಕತ್ತಿ ಎತ್ತೋದಷ್ಟೇ ಬಾಕಿ ಇತ್ತು.”

“ಇತ್ತಪ್ಪ. ಏಳು ಕೋಟೆ ಹಾರಿದ ಕಾಲು ಅಲ್ಲಿ ಮೇಲಕ್ಕೇ ಏಳಲಿಲ್ಲ.”

“ಬಣ್ಣ ಹಚ್ಚಿದ ಮೇಲೆ ಮಾವನೂ ಇಲ್ಲ, ಅಳಿಯನೂ ಇಲ್ಲ ಅಂತ ಆಟ ಕಲಿಸಿದ ಮೇಷ್ಟ್ರು ಹೇಳಿದ್ರಲ್ಲ.”

“ಮೇಷ್ಟ್ರಿಗೇನು, ಹೆಣ್ಣು ಕೊಟ್ಟೋರು ಅವರಲ್ಲ. ಬಾಗೂರಿಂದ ಬಂದು ಮಾಂತ್ರಿಕನ ಪಾರ್ಟು ಕಟ್ಟಿದ ನಮ್ಮ ಮಾವ ಅಂಗಾತ ಬಿದ್ಕಂಡು ನನ್ನೇ ನೋಡ್ತಾ ಇದ್ರು. ನನ್ನ ಶಕ್ತಿಯೆಲ್ಲ ಅಲ್ಲೇ ಇಳಿದು ಹೋತು.”

“ಸುಮ್ನೆ ನಿಂತಿದ್ರೂ ಆಗ್ತಿತ್ತು. ಕಾಲಿಗ್ಯಾಕೆ ಬಿದ್ದೆ?”

“ಕೈ ತಾನೇ ಹೋತು. ಮಲಗಿದೋರ ಕಾಲು ಮುಟ್ಟಬಾರದಲ್ಲ, ಅದಕ್ಕೆ ಅವರೂ ಎದ್ದು ಕುಂತು ‘ನೂರು ವರ್ಷ ಬಾಳಪ್ಪ’ ಅಂದ್ಬಿಟ್ರು. ಕೊಲ್ಲಾಕೆ ಹೋದೋನು ಆಶೀರ್ವಾದ ತಗಂಡು ಬಂದೆ.”

“ನಾಳೆ ಹೊಸದುರ್ಗದಲ್ಲೂ ಹಿಂಗೇ ಆದ್ರೆ ನಿನ್ನ ಪಾರ್ಟು ಕಿತ್ಕಂತಾರೆ.”

“ನಾಳೆ ಬಿಡಲ್ಲ. ಮಾವ ಆದ್ರೇನು, ಎದೆ ಮೇಲೆ ಕಾಲಿಡಾದೇ.”

ಅಷ್ಟರಲ್ಲಿ ದಪ್ಪ ಮೀಸೆಯ ಹಿರಿಯರೊಬ್ಬರು ಟಿಕೆಟ್ ಹಿಡಿದು ಬಂದರು. ಓಬಳೇಶ ಚಪ್ಪಲಿ ಕಳಚಿ ಎದ್ದು ನಿಂತ. ಬೀಡಿ ಮುಷ್ಟಿಯೊಳಗೆ ಅಡಗಿತು, ಎತ್ತಿ ಕಟ್ಟಿದ್ದ ಪಂಚೆ ಇಳಿಯಿತು.

“ಕುಂತ್ಕಳಪ್ಪ.”

“ಇರ್ಲಿ ಬಿಡ್ರಿ, ಮಾವ.”

ರೈಲು ಬಂತು. ರಾತ್ರಿ ಕಿರೀಟವಿದ್ದ ತಲೆಯ ಮೇಲೆ ಮಾವನ ಟ್ರಂಕು ಹೊತ್ತು ಅವನು ಬರಿಗಾಲಲ್ಲೇ ನಡೆದ. ಬೆಂಚಿನ ಕೆಳಗೆ ಉಳಿದ ಚಪ್ಪಲಿಗಳನ್ನು ಗೆಳೆಯ ಎತ್ತಿಕೊಂಡು ಹಿಂದೆ ಓಡಿದ.