ಹದಿನಾಲ್ಕನೇ ಸಾಲಿನ ಮೇಕೆ

ಸಭಾಧ್ಯಕ್ಷೆ ಮಾರ್ಗೋ ಪೆಲ್ಟಿಯರ್ ಅವರೇ, ಮುಖ್ಯ ಅತಿಥಿಗಳಾಗಿ ಬಂದು ಒಂದು ಗಂಟೆಯಿಂದ ನನ್ನ ಹೊಗಳಿಕೆಯನ್ನು ಸಹಿಸಿಕೊಂಡಿರುವ ಕ್ಯಾಪ್ಟನ್ ಎಸ್ಕಿಲ್ಡ್ಸನ್ ಅವರೇ, ಮೂವತ್ಮೂರು ವರ್ಷ ನನ್ನ ಜೊತೆ ವಿಮಾನದಲ್ಲಿ ಕಾಫಿಗಾಡಿ ತಳ್ಳಿದ ಗೆಳತಿಯರೇ, ಅಡುಗೆಮನೆಯಿಂದ ಬರುತ್ತಿರುವ ಖಾರದ ಕೋಳಿಯ ಘಮಕ್ಕೆ ಆಗಲೇ ಮನಸೋತಿರುವ ಸಭಿಕರೇ,

ಇಂದು ನಿವೃತ್ತಳಾಗುತ್ತಿರುವ ವರ್ನಾ ಹಾಲ್ಕಂಬ್ ಎಂಬ ಗಗನಸಖಿಯ ಧೈರ್ಯದ ಬಗ್ಗೆ ಈಗಷ್ಟೇ ನಾಲ್ಕು ಜನ ಮಾತನಾಡಿದಿರಿ. ಕೇಳಿ ನನಗೇ ಆಕೆಯನ್ನು ಒಮ್ಮೆ ಭೇಟಿಯಾಗಬೇಕು ಅನ್ನಿಸಿತು. ನಿಜ ಹೇಳಲೇ? ಹನ್ನೊಂದು ವರ್ಷದ ಹಿಂದೆ ಒಂದು ಕೆಟ್ಟ ಬಿರುಗಾಳಿಯಲ್ಲಿ ಸಿಕ್ಕಿಕೊಂಡ ಮೇಲೆ ನನಗೆ ಹಾರಾಟವೆಂದರೆ ಕೈಕಾಲು ನಡುಗುತ್ತಿತ್ತು. ಗಗನಸಖಿಗೆ ಗಗನವೇ ಭಯ! ರಾಜೀನಾಮೆ ಪತ್ರ ಬರೆದು ಏಪ್ರನ್ ಜೇಬಿನಲ್ಲಿಟ್ಟುಕೊಂಡೇ ಡ್ಯೂಟಿಗೆ ಬರುತ್ತಿದ್ದೆ. ಮಾರ್ಗೋ, ಹಾಗೆ ನೋಡಬೇಡಿ. ಆಗ ನಮಗೆ ಡ್ಯೂಟಿ ಹಂಚುವ ಮೇಲಧಿಕಾರಿ ನೀವೇ, ಹೇಳಿದ್ದರೆ ಅದನ್ನು ತಕ್ಷಣ ಸ್ವೀಕರಿಸಿಬಿಡುತ್ತಿದ್ದಿರಿ.

ಮನಸ್ಸಿಗೆ ಧೈರ್ಯ ಕೊಡುವ ಪ್ರಾಣಿ ಎಂದು ವೈದ್ಯರ ಪತ್ರ ತಂದರೆ ಅದನ್ನು ಸೀಟಿನ ಹತ್ತಿರವೇ ಇಟ್ಟುಕೊಂಡು ಪ್ರಯಾಣಿಸಬಹುದಾಗಿದ್ದ ಕಾಲ ಅದು. ಈಗ ತರಬೇತಾದ ನಾಯಿಗಷ್ಟೇ ಆ ಭಾಗ್ಯ. ಆಗ ನಾವು ಏನೇನು ನೋಡಲಿಲ್ಲ? ಬೆಕ್ಕು ನೋಡಿದೆವು, ಹಂದಿಮರಿ ನೋಡಿದೆವು. ಒಬ್ಬಾಕೆ ಡಬ್ಬಿಯಲ್ಲಿ ಏಡಿ ತಂದು, "ಶ್, ಈಗಷ್ಟೇ ನಿದ್ದೆ ಹತ್ತಿದೆ, ಮೆಲ್ಲಗೆ ಮಾತಾಡಿ" ಎಂದು ನನಗೇ ಗದರಿದ್ದಳು.

ಒಂದು ಬೆಳಿಗ್ಗೆ ಇದೇ ನ್ಯಾಶ್‌ವಿಲ್‌ನಿಂದ ಸಿಯಾಟಲ್‌ಗೆ ಹೊರಟಿದ್ದೆವು. ಬಾಗಿಲ ಬಳಿ ಜಗಳ. ಬೀರುವಿನಷ್ಟು ಅಗಲದ ಒಬ್ಬ ಲಾರಿ ಡ್ರೈವರ್, ಹೆಸರು ಹಾಯ್ಟ್ ಮೆಕ್ಕಾರ್ಡಲ್, ತೋಳಿನಲ್ಲಿ ಡೈಪರ್ ಕಟ್ಟಿದ ಮೇಕೆಮರಿಯನ್ನು ಹಿಡಿದು ನಿಂತಿದ್ದ. ಹಿಂದಿನ ಸಂಜೆಯಷ್ಟೇ ಬರೆಸಿಕೊಂಡಿದ್ದ ವೈದ್ಯರ ಪತ್ರವೇನೋ ಸರಿಯಾಗಿತ್ತು. ಆದರೆ ಗೇಟಿನ ಹುಡುಗಿ ಬಿಡಲೊಲ್ಲಳು.

"ಮೇಡಂ, ನಾಳೆ ಬೆಳಿಗ್ಗೆ ನಮ್ಮ ತಂಗಿಗೆ ಆಪರೇಷನ್ನು. ನನ್ನ ಕಿಡ್ನಿ ಕೊಡ್ತಿದೀನಿ. ಮುಂದಿನ ವಾರ ಅಂದಿದ್ರು, ಲಾರೀಲೇ ಹೋಗೋಣ ಅಂತಿದ್ದೆ. ನಿನ್ನೆ ಫೋನ್ ಮಾಡಿ ನಾಳೇನೇ ಅಂದ್ಬಿಟ್ರು. ನಾನು ಹುಟ್ಟಿದಾಗಿಂದ ವಿಮಾನ ಹತ್ತಿಲ್ಲ. ಇವಳಿಲ್ದೆ ಹತ್ತೋದೂ ಇಲ್ಲ."

"ಇವಳು ನಿಮಗೆ ಧೈರ್ಯ ಕೊಡ್ತಾಳಾ?" ಎಂದೆ ನಾನು.

"ಇವಳಾ? ಇವಳು ಮಹಾ ಪುಕ್ಕಲಿ ಮೇಡಂ! ಬೆಚ್ಚಿದ್ರೆ ನಾಲ್ಕೂ ಕಾಲು ಸೆಟೆದು ದೊಪ್ ಅಂತ ಬಿದ್ಬಿಡ್ತಾಳೆ. ಆ ಜಾತಿನೇ ಹಂಗೆ. ನಾನೇ ಇವಳಿಗೆ ಸಮಾಧಾನ ಮಾಡ್ಬೇಕು. ಹಂಗೆ ಮಾಡ್ತಾ ಮಾಡ್ತಾ ನನ್ನ ಹೆದರಿಕೆ ಮರ್ತೇ ಹೋಗುತ್ತೆ."

ನಾನು ಕಾಕ್‌ಪಿಟ್‌ಗೆ ಹೋಗಿ, "ಕ್ಯಾಪ್ಟನ್, ಒಬ್ಬರ ಹತ್ರ ಸಣ್ಣ ಪ್ರಾಣಿ ಇದೆ, ಪರವಾಗಿಲ್ವಾ?" ಎಂದೆ. ಇಲ್ಲಿ ಕೂತಿರುವ ಇದೇ ಎಸ್ಕಿಲ್ಡ್ಸನ್ನರು ತಲೆ ಎತ್ತದೆ, "ಕಚ್ಚದಿದ್ರೆ ಸರಿ" ಎಂದರು. ಸರ್, ನೀವು ನಾಯಿ ಎಂದುಕೊಂಡಿರಿ ಎಂಬುದು ನನಗೆ ಆಗಲೇ ಗೊತ್ತಿತ್ತು. ಇಂದು ಕ್ಷಮೆ ಕೋರುತ್ತೇನೆ. ಪಿಂಚಣಿ ಮಂಜೂರಾದ ಮೇಲೆ ಕ್ಷಮೆ ಕೇಳುವುದು ಎಷ್ಟು ಸುಲಭ ನೋಡಿ!

ಹದಿನಾಲ್ಕನೇ ಸಾಲಿನಲ್ಲಿ, ಕಿಟಕಿ ಪಕ್ಕ, ಪ್ಯಾನ್ಸಿ ಎಂಬ ಆ ಮೇಕೆ ಹಾಯ್ಟ್‌ನ ಕಾಲಬುಡದಲ್ಲಿ ಮಲಗಿತು. ಸೀಟ್‌ಬೆಲ್ಟ್ ಗಂಟೆ ಹೊಡೆಯಿತು, ಮೇಕೆ ಸೆಟೆಯಿತು. ಯಾರೋ ಸೋಡಾ ಡಬ್ಬಿ ತೆರೆದರು, ಮತ್ತೆ ಸೆಟೆಯಿತು. ಪ್ರತಿಸಲವೂ ಅವನು ಬಗ್ಗಿ, "ಏನಿಲ್ಲ ಕಣೇ ಚಿನ್ನ, ಏನಿಲ್ಲ, ನಾನಿದೀನಲ್ಲ" ಎನ್ನುತ್ತಿದ್ದ.

ರಾಕಿ ಪರ್ವತಗಳ ಮೇಲೆ ಬಂದಾಗ ವಿಮಾನ ಒಮ್ಮೆಲೇ ಕುಸಿಯಿತು. ಕಾಫಿ ಚಾವಣಿಗೆ ಹಾರಿತು. ಜನ ಕಿರುಚಿದರು. ನಾನು ನನ್ನ ಸೀಟಿನಲ್ಲಿ ಬಿಗಿದುಕೊಂಡು ಕೂತು, ಜೇಬಿನ ಪತ್ರವನ್ನು ಮುಷ್ಟಿಯಲ್ಲಿ ಹಿಸುಕಿ, ಇಳಿದ ಕೂಡಲೇ ಕೊಟ್ಟುಬಿಡುತ್ತೇನೆ ಎಂದು ಕಣ್ಣು ಮುಚ್ಚಿದೆ. ಆಗ ಹದಿಮೂರನೇ ಸಾಲಿನಿಂದ ಒಬ್ಬ ಅಜ್ಜಿಯ ಕೂಗು:

"ಅಯ್ಯೋ, ಮೇಕೆ ಸತ್ತೋಯ್ತು!"

ಸಭಿಕರೇ, ನೂರ ನಲವತ್ತು ಜನ ಒಟ್ಟಿಗೆ ಕಿರುಚುವುದನ್ನು ನಿಲ್ಲಿಸಿದ್ದನ್ನು ನೀವು ಎಂದಾದರೂ ಕೇಳಿದ್ದೀರಾ? ನಾನು ಕೇಳಿದ್ದೇನೆ. "ಯಾವ ಮೇಕೆ?" "ವಿಮಾನದಲ್ಲಿ ಮೇಕೆ ಇದೆಯಾ?" "ಉಸಿರಾಡ್ತಿದೆಯಾ ನೋಡ್ರೀ!" ಸಾಲಿನಿಂದ ಸಾಲಿಗೆ ಸುದ್ದಿ ಓಡಿತು. ಎಲ್ಲರೂ ನನ್ನತ್ತ ತಿರುಗಿದರು. ನನ್ನ ಕೈ ಮೈಕ್ ಹಿಡಿದದ್ದು ನನಗೇ ತಿಳಿಯಲಿಲ್ಲ.

"ಎಲ್ಲರೂ ಬೆಲ್ಟ್ ಹಾಕಿಕೊಂಡೇ ಇರಿ. ಮೇಕೆ ಸತ್ತಿಲ್ಲ. ಹೆದರಿದ್ದಾಳೆ ಅಷ್ಟೇ. ಹತ್ತು ಸೆಕೆಂಡಲ್ಲಿ ಏಳ್ತಾಳೆ. ದಯವಿಟ್ಟು ಯಾರೂ ಕಿರುಚಬೇಡಿ, ಮತ್ತೆ ಬಿದ್ಬಿಡ್ತಾಳೆ."

ವಿಮಾನ ಕುಲುಕುತ್ತಲೇ ಇತ್ತು. ನೂರ ನಲವತ್ತು ಜನ ಹಲ್ಲು ಕಚ್ಚಿ, ಮೇಕೆಗಾಗಿ ಮೌನವಾಗಿ ಕುಲುಕಿದರು. ಕೊನೆಗೆ ಪ್ಯಾನ್ಸಿ ಎದ್ದಳು, ತಲೆ ಕೊಡವಿದಳು, "ಮ್ಯಾ" ಎಂದಳು. ಏನು ಚಪ್ಪಾಳೆ! ಏನು ಸಿಳ್ಳೆ! ಕಾಕ್‌ಪಿಟ್‌ನಿಂದ ಕ್ಯಾಪ್ಟನ್ ಫೋನ್ ಮಾಡಿದರು: "ವರ್ನಾ, ಯಾಕೆ ಚಪ್ಪಾಳೆ ಹೊಡೀತಿದಾರೆ? ನಾವಿನ್ನೂ ಇಳಿದೇ ಇಲ್ವಲ್ಲ!"

ಚಪ್ಪಾಳೆಗೆ ಪ್ಯಾನ್ಸಿ ಮತ್ತೆ ಸೆಟೆದು ಬಿದ್ದಳು, ಅದು ಬೇರೆ ಮಾತು.

ಆಗ ನೋಡಿಕೊಂಡೆ. ನನ್ನ ಕೈ ನಡುಗುತ್ತಿರಲಿಲ್ಲ. ಅಂದು ಸಿಯಾಟಲ್‌ನಲ್ಲಿ ಇಳಿದು ಆ ಪತ್ರವನ್ನು ಕಸದ ಬುಟ್ಟಿಗೆ ಹಾಕಿದೆ. ಮರುದಿನ ಹಾಯ್ಟ್‌ನ ಕಿಡ್ನಿ ತಂಗಿಗೆ ಹೋಯಿತು. ಆಕೆ ಇಂದಿಗೂ ಗಟ್ಟಿಮುಟ್ಟಾಗಿದ್ದಾಳೆ.

ಒಂದು ತಿಂಗಳ ನಂತರ ಅವನು ಸಿಯಾಟಲ್‌ನಿಂದ ನಮ್ಮದೇ ವಿಮಾನ ಹತ್ತಿ ಹಿಂತಿರುಗಿದ. ಒಬ್ಬನೇ! "ಮೇಕೆ ಎಲ್ರೀ?" ಎಂದೆ. "ತಂಗಿ ಬಿಡ್ಲಿಲ್ಲ ಮೇಡಂ. ಅವಳಿಗೂ ಈಗ ತಾನು ಸಮಾಧಾನ ಮಾಡೋಕೆ ಒಬ್ರು ಬೇಕಂತೆ" ಎಂದು ಬೆವರುತ್ತಾ ಕೂತ. ಕ್ಯಾಬಿನ್ ಕೆಲಸ ಮುಗಿದ ಮೇಲೆ ಅವನ ಪಕ್ಕದ ಖಾಲಿ ಸೀಟಿನಲ್ಲಿ ನಾನು ಕೂತೆ. ಒಂದು ಸಣ್ಣ ಕುಲುಕು. ನನಗೆ ಒಂದಿಷ್ಟೂ ಭಯವಿರಲಿಲ್ಲ, ಆದರೂ "ಅಯ್ಯಪ್ಪಾ!" ಎಂದೆ. ತಕ್ಷಣ ನನ್ನ ಕೈ ಹಿಡಿದು, "ಏನಿಲ್ಲ ಮೇಡಂ, ನಾನಿದೀನಲ್ಲ" ಎಂದ.

ಆ ಮನುಷ್ಯ ಇಗೋ ಈ ಸಭೆಯ ಮೂರನೇ ಸಾಲಿನಲ್ಲಿ, ನಾನು ಕಟ್ಟಿದ ಟೈಯನ್ನು ಸಡಿಲ ಮಾಡಿಕೊಂಡು ಕೂತಿದ್ದಾನೆ. ಒಂಬತ್ತು ವರ್ಷದಿಂದ ನನ್ನ ಗಂಡ. ನಾವಿಬ್ಬರೂ ಅದೇ ವಿಮಾನದಲ್ಲಿ ಮತ್ತೆ ಸಿಕ್ಕಿದ್ದು ದೈವಯೋಗ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ. ಹಾಯ್ಟ್, ದೈವಯೋಗ ಅಲ್ಲ ಕಣೋ. ನಿನ್ನ ವಾಪಸು ಟಿಕೆಟ್ಟಿನ ತಾರೀಖು ನೋಡಿಕೊಂಡು, ಆ ಒಂದು ಡ್ಯೂಟಿಗಾಗಿ ನಾನು ಮೂರು ವರ್ಷದ ಕ್ರಿಸ್‌ಮಸ್ ರಜೆಯನ್ನು ಮಾರ್ಗೋಗೆ ಬಿಟ್ಟುಕೊಟ್ಟಿದ್ದೆ.

ಅಯ್ಯೋ, ಅಳಬೇಡ, ಎಲ್ಲರೂ ನೋಡುತ್ತಿದ್ದಾರೆ. ಸಭಿಕರೇ, ಇಷ್ಟು ಹೊತ್ತು ಹಸಿವು ತಡೆದು ಕೇಳಿದ್ದಕ್ಕೆ ತುಂಬು ಹೃದಯದ ವಂದನೆಗಳು. ನಾನು ಕೆಳಗಿಳಿದು ಇವನನ್ನು ಸಮಾಧಾನ ಮಾಡಬೇಕು. ನಮಸ್ಕಾರ.