ಪೆದ್ದುತನದ ತಾಸು

ಸಭೆಯ ಅಧ್ಯಕ್ಷೆಯಾದ ಗುಕ್ ಯೊನ್‌ಸಿಮ್ ಅವರೇ, ಇವತ್ತಿಗೆ ಎಪ್ಪತ್ತು ತುಂಬಿದ ನಮ್ಮ ಮಾ ತೇಗುನ್ ಮೇಷ್ಟ್ರೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಊಟದ ಮನೆಯ ಕಡೆ ನೋಡುತ್ತಿರುವ ಹಿರಿಯರೇ, ಜಾಗ ಸಾಲದೆ ಗೋಡೆಗೆ ಒರಗಿ ನಿಂತಿರುವ ನಮ್ಮ ಶಿಬಿರದ ಹಳೆಯ ಮಕ್ಕಳೇ, ಸಭಿಕರೇ,

ಅಧ್ಯಕ್ಷರನ್ನು ಬಹುವಚನದಲ್ಲಿ ಕರೆಯುವಾಗ ನನ್ನ ನಾಲಿಗೆ ಸ್ವಲ್ಪ ತಡವರಿಸಿತು, ಕ್ಷಮಿಸಬೇಕು. ಇವತ್ತು ನಮ್ಮ ಸಲ್‌ಪೊ ಮೀನುಗಾರರ ಸಹಕಾರ ಸಂಘವನ್ನು ನಡೆಸುತ್ತಿರುವ ಈ ಅಮ್ಮನನ್ನು ನಾನು ಮೊದಲು ನೋಡಿದ್ದು ಅವರು ಹದಿನಾಲ್ಕು ವರ್ಷದ ಹುಡುಗಿಯಾಗಿದ್ದಾಗ. ಎರಡು ಜಡೆ, ಕೆಸರಿನ ಚಪ್ಪಲಿ. ಮಾ ಮೇಷ್ಟ್ರ ಬಗ್ಗೆ ಹತ್ತು ನಿಮಿಷ ಮಾತನಾಡಿ ಎಂದು ಅವರು ಹೇಳಿದ್ದಾರೆ. ಮಕ್ಕಳಿಗೆ ಮಾತಿನ ಕಲೆ ಕಲಿಸಿದವರಿಗೆ ಹತ್ತು ನಿಮಿಷದಲ್ಲಿ ಮುಗಿಸುವ ಕಲೆ ಬರುವುದಿಲ್ಲ ಎಂಬುದು ಅವರಿಗೂ ಗೊತ್ತು.

ಸಾವಿರದ ಒಂಬೈನೂರ ಎಂಬತ್ತನಾಲ್ಕರ ಬೇಸಿಗೆ. ನಾನು ಕೊರಿಯನ್ ಭಾಷೆಯ ಟೀಚರ್, ಇಪ್ಪತ್ತೇಳು ವರ್ಷ. ಮಾ ಮೇಷ್ಟ್ರು ಸಮಾಜ ಪಾಠದವರು, ನನಗಿಂತ ಮೂರು ವರ್ಷ ದೊಡ್ಡವರು. ರಜೆಯಲ್ಲಿ ಮಕ್ಕಳಿಗೆ ಬರವಣಿಗೆ ಮತ್ತು ಭಾಷಣದ ಶಿಬಿರ ಮಾಡೋಣ ಎಂದು ಮುಖ್ಯೋಪಾಧ್ಯಾಯರಿಗೆ ಒಂದೇ ವಾರದಲ್ಲಿ ನಾವಿಬ್ಬರೂ ಬೇರೆ ಬೇರೆಯಾಗಿ ಕೇಳಿದ್ದೆವು. ಖಾಲಿ ಇದ್ದದ್ದು ಒಂದೇ ಕೋಣೆ. ಹೀಗಾಗಿ ಬೆಳಿಗ್ಗೆ ನನ್ನ ಬರವಣಿಗೆ, ಮಧ್ಯಾಹ್ನ ಅವರ ಭಾಷಣ ಎಂದಾಯಿತು. ನಮ್ಮನ್ನು ಜೊತೆ ಮಾಡಿದ್ದು ಯಾವ ಆದರ್ಶವೂ ಅಲ್ಲ, ಕೋಣೆಯ ಕೊರತೆ.

ಆ ಕಾಲದ ಭಾಷಣ ಎಂದರೆ ಏನೆಂದು ಇಲ್ಲಿನ ಹಿರಿಯರಿಗೆ ನೆನಪಿರಬೇಕು. ಮುಷ್ಟಿ ಬಿಗಿಯಬೇಕು, ಕತ್ತಿನ ನರ ಉಬ್ಬಬೇಕು, ಕೊನೆಯಲ್ಲಿ ಎರಡೂ ಕೈ ಎತ್ತಿ 'ಎಂದು ಈ ಭಾಷಣಕಾರ ಬಲವಾಗಿ ಕೂಗಿ ಹೇಳುತ್ತಾನೆ' ಎನ್ನಬೇಕು. ವಿಷಯ ಉಳಿತಾಯವಾದರೂ ಅಷ್ಟೇ, ಹಲ್ಲುಜ್ಜುವುದಾದರೂ ಅಷ್ಟೇ. ಮಾ ಮೇಷ್ಟ್ರು ಈ ವಿದ್ಯೆಯಲ್ಲಿ ಜಿಲ್ಲೆಗೇ ಹೆಸರಾದವರು. ಮಕ್ಕಳನ್ನು ಕಡಲ ಒಡ್ಡಿನ ಮೇಲೆ ಸಾಲಾಗಿ ನಿಲ್ಲಿಸುವರು. ನೀರು ಇಳಿದ ಹೊತ್ತಿನಲ್ಲಿ ದೂರದ ಕೆಸರಿನಲ್ಲಿ ಹಲಗೆ ಜಾರಿಸಿಕೊಂಡು ಕಪ್ಪೆಚಿಪ್ಪು ಆಯುವ ಹೆಂಗಸರಿದ್ದಾರಲ್ಲ, ಅವರಿಗೆ ಕೇಳುವಂತೆ ಕೂಗಬೇಕು. ಕೇಳಿದರೆ ಆ ಹೆಂಗಸರು ಕೈ ಎತ್ತಬೇಕು ಎಂದು ಒಪ್ಪಂದ.

ಒಂದು ಮಧ್ಯಾಹ್ನ ಮಕ್ಕಳೆಲ್ಲ ಕೂಗಿ ಸುಸ್ತಾದ ಮೇಲೆ ಮಾ ಮೇಷ್ಟ್ರು ತಾವೇ ಒಡ್ಡಿನ ಮೇಲೆ ಹತ್ತಿ, ದೇಶದ ಭವಿಷ್ಯದ ಬಗ್ಗೆ ಕೂಗಿದರು. ಕೆಸರಿನೊಳಗಿಂದ ಒಬ್ಬ ಅಜ್ಜಿ ಕೈ ಎತ್ತಿದಳು. ಎತ್ತಿ ತಾನೂ ಕೂಗಿದಳು: "ಕೇಳ್ತಪ್ಪ ಮೇಷ್ಟ್ರೇ, ಕಿವಿ ತೂತು ಬಿತ್ತು. ಈಗ ಏನಾದ್ರೂ ಹೇಳೋದಿದ್ರೆ ಹೇಳು."

ಮಕ್ಕಳು ಬಿದ್ದು ಬಿದ್ದು ನಕ್ಕವು. ಮಾ ಮೇಷ್ಟ್ರು ನಗಲಿಲ್ಲ. ಮರುದಿನ ಬೆಳಿಗ್ಗೆ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಬಂದು ಕೂತರು. ಆ ಮೋಟು ಬೆಂಚಿನಲ್ಲಿ ಅವರ ಕಾಲು ಹಿಡಿಯುತ್ತಿರಲಿಲ್ಲ, ಒಂದು ಕಾಲನ್ನು ಹೊರಗೆ ಚಾಚಿಕೊಂಡಿದ್ದರು. ಕಾಲುಚೀಲದ ಹೆಬ್ಬೆರಳಿಗೆ ನೀಲಿ ದಾರದಲ್ಲಿ ತೇಪೆ ಹಾಕಿತ್ತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ? ಇರಲಿ. ತರಗತಿ ಮುಗಿದ ಮೇಲೆ ಅವರು ಕೇಳಿದರು: "ಪ್ಯೊ ಟೀಚರ್, ಕೂಗೋದು ನಾನು ಕಲಿಸ್ತೀನಿ. ಹೇಳೋದು ಎಲ್ಲಿಂದ ತರೋದು?"

ನಾನು ಹುಡುಗಿ, ಜಂಭ ಇತ್ತು. "ಮನೆಯಿಂದ" ಎಂದೆ.

ಹೀಗೆ ಶುರುವಾಯಿತು ನಮ್ಮ ಪೆದ್ದುತನದ ತಾಸು. ಮಧ್ಯಾಹ್ನದ ಊಟಕ್ಕೆ ಮುಂಚಿನ ಒಂದು ತಾಸು. ಯಾರಾದರೂ ಎದ್ದು ನಿಂತು, ಬರೆದದ್ದನ್ನು ಹಿಡಿದುಕೊಂಡು, ಕಣ್ಣಾರೆ ಕಂಡ ಒಂದು ಪೆದ್ದುತನವನ್ನು ಹೇಳಬೇಕು. ಇದ್ದದ್ದು ಒಂದೇ ನಿಯಮ. ಊರವರದು ಬೇಡ, ತನ್ನದು ಅಥವಾ ತನ್ನ ಮನೆಯದು ಮಾತ್ರ. ಊರವರ ಪೆದ್ದುತನ ಹೇಳುವುದಕ್ಕೆ ಶಿಬಿರ ಯಾಕೆ ಬೇಕು, ಬಾವಿಕಟ್ಟೆ ಸಾಕು. ಮೊದಲ ದಿನ ನಾನೇ ಹೇಳಿದೆ. ನಮ್ಮಮ್ಮ ಹಳ್ಳಿಗೆ ಕರೆಂಟು ಬರುವ ಮುಂಚೆಯೇ ಟೀವಿ ತಂದಳು. ಅದಕ್ಕೆ ರೇಷ್ಮೆ ಬಟ್ಟೆ ಹೊದಿಸಿ, ಸಂಜೆ ಬಟ್ಟೆ ಸರಿಸುವಳು. ಅಕ್ಕಪಕ್ಕದವರು ಬಂದು ಅದರ ಮುಂದೆ ಕೂತು ಸಿಹಿಗೆಣಸು ತಿಂದು ಹೋಗುವರು. ಮಕ್ಕಳಿಗೆ ಧೈರ್ಯ ಬಂತು. ಎಂತೆಂಥ ಅಪ್ಪಂದಿರು, ಎಂತೆಂಥ ಚಿಕ್ಕಮ್ಮಂದಿರು ಆ ಕೋಣೆಗೆ ಬಂದು ಹೋದರು! ನಕ್ಕು ನಕ್ಕು ಊಟಕ್ಕೆ ಏಳುವುದೇ ತಡವಾಗುತ್ತಿತ್ತು.

ಶಿಬಿರದ ಕೊನೆಯ ದಿನ ತಂದೆತಾಯಿಯರನ್ನು ಕರೆದು ಕಾರ್ಯಕ್ರಮ. ಯೊನ್‌ಸಿಮ್‌ಗೆ ಕೊಟ್ಟ ವಿಷಯ 'ನೆರೆಹೊರೆಯ ಸೌಹಾರ್ದ'. ಅವಳು, ಅಲ್ಲ, ಅವರು ವೇದಿಕೆಗೆ ಬಂದರು. ಮುಷ್ಟಿ ಬಿಗಿಯಲಿಲ್ಲ. ಮೆಲ್ಲಗೆ ಹೇಳಿದರು.

ಅವರ ಅಪ್ಪ ಚಿಕ್ಕ ಗುಕ್, ದೊಡ್ಡಪ್ಪ ದೊಡ್ಡ ಗುಕ್. ಊರಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಹಾಗೆಯೇ. ಎರಡು ಮನೆಗೂ ನಡುವೆ ಒಂದೇ ಗೋಡೆ. ತಂದೆಯ ತಿಥಿಯಲ್ಲಿ ಎಡೆ ಇಡುವಾಗ ಗಾಮ್ ಎಂಬ ಕಿತ್ತಳೆ ಬಣ್ಣದ ಹಣ್ಣು ಮೊದಲೋ, ಮರಸೇಬು ಮೊದಲೋ ಎಂದು ಅಣ್ಣತಮ್ಮಂದಿರಿಗೆ ಜಗಳ ಬಂತು. ಮಾತು ಬಿಟ್ಟರು. ಅಲ್ಲಿಂದಾಚೆಗೆ ಒಬ್ಬನೇ ಅಪ್ಪನಿಗೆ ಒಂದೇ ರಾತ್ರಿ ಎರಡು ಮನೆಯಲ್ಲಿ ಎರಡು ಎಡೆ. ಸಭೆ ನಗತೊಡಗಿತು. ಬೇರೆಯವರ ತಿಥಿಯಲ್ಲಿ ಹಣ್ಣಿನ ಜಾಗ ಹೇಳುವವರನ್ನು ನಮ್ಮಲ್ಲಿ ಗಾದೆ ಕಟ್ಟಿ ಹಾಸ್ಯ ಮಾಡುತ್ತಾರಲ್ಲ, ಇವರು ಸ್ವಂತ ತಿಥಿಯಲ್ಲೇ ಅದನ್ನು ಮಾಡಿಕೊಂಡಿದ್ದರು. ದೊಡ್ಡ ಗುಕ್ ಬಲಗಡೆಯ ಸಾಲಿನಲ್ಲಿದ್ದರು, ಚಿಕ್ಕ ಗುಕ್ ಎಡಗಡೆ. ಅಜ್ಜಿ ನಡುವೆ.

ಯೊನ್‌ಸಿಮ್ ನಗು ಮುಗಿಯುವ ತನಕ ಕಾದರು. ಆಮೇಲೆ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: "ನಮ್ಮಜ್ಜ ಮೊದಲು ಯಾರ ಮನೆಗೆ ಹೋಗ್ಬೇಕು? ದೊಡ್ಡಪ್ಪನ ಮನೆಗೆ ಹೋದ್ರೆ ಅಪ್ಪಂಗೆ ಬೇಜಾರು. ನಮ್ಮನೆಗೆ ಬಂದ್ರೆ ದೊಡ್ಡಪ್ಪಂಗೆ ಬೇಜಾರು. ಬದುಕಿದ್ದಾಗ್ಲೇ ಅಜ್ಜಂಗೆ ಮಂಡಿ ನೋವು. ನಂಗನ್ಸತ್ತೆ, ಅಜ್ಜ ಯಾರ ಮನೆಗೂ ಬರ್ತಾ ಇಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಜ್ಜಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಅಣ್ಣ ಬಲಬಾಗಿಲಿನಿಂದ ಹೋದರು, ತಮ್ಮ ಎಡಬಾಗಿಲಿನಿಂದ.

ಮರುದಿನ ಬೆಳಿಗ್ಗೆ ನಾವು ಶಿಕ್ಷಕರ ಕೋಣೆಯಲ್ಲಿ ಬಾರ್ಲಿ ನೀರು ಕುಡಿಯುತ್ತ ಕೂತಿದ್ದೆವು. ಕಿಟಕಿಯಲ್ಲಿ ನೋಡಿದರೆ ದೊಡ್ಡ ಗುಕ್ ಮತ್ತು ಚಿಕ್ಕ ಗುಕ್ ಆಟದ ಮೈದಾನ ದಾಟಿ ಒಟ್ಟಿಗೇ ಬರುತ್ತಿದ್ದಾರೆ. ಎಷ್ಟೋ ವರ್ಷಗಳಲ್ಲಿ ಅವರು ಒಟ್ಟಿಗೆ ನಡೆದದ್ದು ಅದೇ ಮೊದಲು, ಅದೂ ನಮ್ಮನ್ನು ಬಯ್ಯುವುದಕ್ಕೆ. ಚಿಕ್ಕ ಗುಕ್ ಮೇಜು ಗುದ್ದಿದರು. ಮನೆಯ ಮಾತನ್ನು ಬೀದಿಗೆ ತಂದಿರಿ, ಮಗುವಿನ ಬಾಯಲ್ಲಿ ಹೆತ್ತವರ ಮರ್ಯಾದೆ ತೆಗೆಸಿದಿರಿ ಎಂದರು. ಆ ಮಾತು ಸುಳ್ಳೆಂದು ನಾನು ಇವತ್ತಿಗೂ ಹೇಳಲಾರೆ. ಅಣ್ಣ ಗೋಡೆ ನೋಡುತ್ತ ಹೇಳಿದರು: "ಅದೂ ತಪ್ಪು ತಪ್ಪಾಗಿ. ಜಗಳ ಆಗಿದ್ದು ಹಣ್ಣಿಗಲ್ಲ."

"ಮತ್ತ್ಯಾತಕ್ಕೆ?" ಎಂದರು ತಮ್ಮ.

"ಅವತ್ತು ಬಾಗಿಲಲ್ಲಿ ನನ್ನ ನೋಡಿ ನೀನು ಅಣ್ಣ ಅನ್ಲಿಲ್ಲ."

"ಅಂದೆ. ಊದಿನಕಡ್ಡಿ ಹೊಗೆಗೆ ನೀನು ಕೆಮ್ತಾ ಇದ್ದೆ."

ಸಭಿಕರೇ, ಒಂದು ಕೆಮ್ಮು! ಎರಡು ಮನೆ, ಎರಡು ಒಲೆ, ಬೇರೆ ಬೇರೆ ಬೆಳೆದ ಮಕ್ಕಳು, ನಡುವೆ ಕೂತ ಒಬ್ಬ ತಾಯಿ, ಎಲ್ಲವೂ ಒಂದು ಕೆಮ್ಮಿಗೆ. ಮನುಷ್ಯ ದಡ್ಡನೆಂದು ಪುಸ್ತಕಗಳು ಹೇಳುತ್ತವೆ. ಅವನು ಎಷ್ಟು ಸಣ್ಣದಕ್ಕೆ ಎಷ್ಟು ದೊಡ್ಡ ಬೆಲೆ ತೆರುತ್ತಾನೆಂದು ನಾನು ಕಂಡದ್ದು ಅವತ್ತು. ಮತ್ತೆ ಅದರಿಂದ ನಾವೇನು ಕಲಿತೆವು? ಅದನ್ನೇ ಹೇಳಲು ಹೊರಟಿದ್ದೇನೆ.

ಅವರಿಬ್ಬರೂ ಅಲ್ಲೇ ಅಪ್ಪಿಕೊಂಡರೆಂದು ನೀವು ತಿಳಿಯಬೇಡಿ. ನಾಚಿಕೆಯಾಗಿತ್ತು. ನಾಚಿಕೆಯಾದವರಿಗೆ ಸಿಟ್ಟು ಬೇಗ. ನೇರ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ಇಬ್ಬರೂ ಸೇರಿ ದೂರು ಕೊಟ್ಟರು. ಆದರೂ ಆ ವರ್ಷದ ತಿಥಿಗೆ ಒಂದೇ ಎಡೆ ಇಟ್ಟರು. ಹಣ್ಣಿನ ತಟ್ಟೆಯನ್ನು ಅಜ್ಜಿ ತಾವೇ ಇಟ್ಟು, ಯಾರೂ ಬಾಯಿ ಬಿಡಕೂಡದು ಅಂದರಂತೆ.

ಪೆದ್ದುತನದ ತಾಸು ಯಾರ ಯೋಚನೆ ಎಂದು ಮುಖ್ಯೋಪಾಧ್ಯಾಯರು ವಿಚಾರಿಸಿದರು. ನನ್ನದು ಎಂದೆ. ಮಾ ಮೇಷ್ಟ್ರು ತಮ್ಮದು ಎಂದರು. ಅಲ್ಲ ಸಾರ್, ನನ್ನದು ಎಂದೆ. ಅವರು ಒಡ್ಡಿನ ಮೇಲೆ ನಿಂತವರಂತೆ ತಮ್ಮದೆಂದು ಕೂಗಿದರು. ಮುಖ್ಯೋಪಾಧ್ಯಾಯರು ಕಿವಿ ಮುಚ್ಚಿಕೊಂಡು, ದನಿ ದೊಡ್ಡದಿದ್ದವರದೇ ಇರಬೇಕು ಎಂದು ತೀರ್ಮಾನಿಸಿದರು. ಮಾರ್ಚಿನಲ್ಲಿ ಮಾ ಮೇಷ್ಟ್ರಿಗೆ ದ್ವೀಪದ ಶಾಲೆಗೆ ವರ್ಗವಾಯಿತು. ಎರಡು ಗಂಟೆಯ ದೋಣಿ, ಗಾಳಿ ಎದ್ದರೆ ಅದೂ ಇಲ್ಲ.

ಜೊತೆಯಾಗಿ ಶಿಬಿರ ನಡೆಸುವುದು ಮುಗಿಯಿತೆಂದೇ ನಾನು ತಿಳಿದಿದ್ದೆ. ಮುಂದಿನ ಬೇಸಿಗೆಯ ರಜೆಯ ಮೊದಲ ದಿನ ಮಕ್ಕಳನ್ನು ಕೂರಿಸಿಕೊಂಡು ಒಬ್ಬಳೇ ಶುರು ಮಾಡಿದ್ದೆ. ಬಾಗಿಲಲ್ಲಿ ನೆರಳು. ಉಪ್ಪುಗಾಳಿಗೆ ತಲೆಗೂದಲು ನಿಗುರಿ ನಿಂತಿದೆ, ಕೈಯಲ್ಲಿ ಒಂದು ಕಲ್ಲಂಗಡಿ. "ಹಿಂದಿನ ಬೆಂಚು ಖಾಲಿ ಇದ್ಯಾ ಟೀಚರ್?" ಎಂದರು. ಅಂದಿನಿಂದ ಪ್ರತಿ ಬೇಸಿಗೆಯಲ್ಲೂ ಬಂದರು. ಅವರ ತಾಯಿ ಹಾಸಿಗೆ ಹಿಡಿದ ವರ್ಷವೂ ಬಂದರು. ಕಡಲು ಕೆರಳಿದ ವರ್ಷ ಮೀನಿನ ದೋಣಿಯಲ್ಲಿ ವಾಂತಿ ಮಾಡಿಕೊಳ್ಳುತ್ತ ಬಂದರು. ಬೆಳಗಿನ ದೋಣಿ ಕಟ್ಟೆಗೆ ತಾಕುವ ಸದ್ದು ನಮ್ಮ ಅಡುಗೆಮನೆಗೆ ಕೇಳಿಸುತ್ತದೆ. ಆ ಸದ್ದಿಗೆ ನಾನು ಬೆಂಕಿ ಸಣ್ಣ ಮಾಡಿ ಹೊರಗೆ ಬರುತ್ತಿದ್ದೆ. ಶಿಬಿರದ ಮೇಲ್ವಿಚಾರಣೆಗೆಂದು, ಅಷ್ಟೇ.

ಅಲ್ಲಿ ಹಿಂದೆ ನಗುತ್ತಿರುವವರು ಯಾರು? ಅಂದಿನ ಹುಡುಗಿಯರೇ ಇರಬೇಕು.

ಹೌದು, ಹೇಳಿಬಿಡುತ್ತೇನೆ. ಬರೆದುಕೊಂಡು ಬಂದದ್ದರಲ್ಲಿ ಇದು ಇರಲಿಲ್ಲ. ಎರಡನೆಯ ಬೇಸಿಗೆಯಲ್ಲಿ ಮಾ ಮೇಷ್ಟ್ರಿಗೆ ಸುನ್‌ಚೊನ್ ಕಡೆಯ ಹೆಣ್ಣು ಗೊತ್ತಾಗಿದೆ ಎಂದು ಯಾರೋ ಹೇಳಿದರು. ನಾನು ಕೇಳಲಿಲ್ಲ. ಮಕ್ಕಳಿಗೆ ನಿಮಗೆ ತಿಳಿಯದ್ದನ್ನು ಕೇಳಿ ಬರೆಯಿರಿ ಎನ್ನುತ್ತಿದ್ದವಳು ನಾನು. ಅವರ ಎದುರು ಹವಾಮಾನ ಮಾತಾಡಿದೆ. ಕೆಲವು ವರ್ಷ ಕಳೆದ ಮೇಲೆ ಮದುವೆಯ ಕರೆಯೋಲೆ ಬಂತು. ನೋಡಿದರೆ ಮದುಮಗ ಅವರ ತಮ್ಮ! ಗೊತ್ತಾಗಿದ್ದ ಹೆಣ್ಣು ತಮ್ಮನಿಗೆ. ಆ ಹೊತ್ತಿಗೆ ನನಗೆ ಕೇಳದಿರುವುದೇ ಅಭ್ಯಾಸವಾಗಿತ್ತು. ನಮ್ಮ ಸೋದರತ್ತೆ ತಂದ ಗಂಡುಗಳನ್ನೆಲ್ಲ ಬೇಡವೆಂದದ್ದು ಯಾಕೆಂದು ಅತ್ತೆಗೂ ಹೇಳಲಿಲ್ಲ, ನನಗೂ ಹೇಳಿಕೊಳ್ಳಲಿಲ್ಲ.

ಇನ್ನೊಂದು ಮಾತು. ಒಂದು ಬೇಸಿಗೆ, ಪೆದ್ದುತನದ ತಾಸಿನಲ್ಲಿ, ಒಬ್ಬ ಹುಡುಗಿ ಎದ್ದು ಮಾ ಮೇಷ್ಟ್ರು ಇದುವರೆಗೆ ತಮ್ಮದು ಹೇಳಿಯೇ ಇಲ್ಲ ಎಂದು ತಗಾದೆ ತೆಗೆದಳು. ಅವರು ಹಿಂದಿನ ಬೆಂಚಿನಿಂದ ಎದ್ದರು. ಮುಷ್ಟಿಯಿಲ್ಲ, ಗರ್ಜನೆಯಿಲ್ಲ. "ನನ್ನ ಹತ್ರ ಒಂದು ಭಾಷಣ ಇದೆ. ಒಂದೇ ವಾಕ್ಯ. ಪ್ರತಿ ಸಲ ದೋಣೀಲಿ ಬಾಯಿಪಾಠ ಮಾಡ್ಕೊಂಡು ಬರ್ತೀನಿ. ಇಳಿದ ಮೇಲೆ ಕಲ್ಲಂಗಡಿ ಕೊಟ್ಟು ಸುಮ್ನಾಗ್ತೀನಿ" ಎಂದರು. ಯಾರಿಗೆ ಮೇಷ್ಟ್ರೇ, ಯಾವ ವಾಕ್ಯ ಎಂದು ಮಕ್ಕಳು ಮುತ್ತಿಕೊಂಡವು. ಅಷ್ಟರಲ್ಲಿ ಊಟ ಬಂತೆಂದು ಯಾರೋ ಕರೆದರು. ಅವರು ನನ್ನ ಕಡೆ ನೋಡಿದರು. ನಾನು, ಈ ಊರಿನ ಅರ್ಧದಷ್ಟು ಜನರಿಗೆ ಬಾಯಿ ಬಿಟ್ಟು ಮಾತಾಡಲು ಕಲಿಸಿದ ಪ್ಯೊ ಟೀಚರ್, ಕಿಮ್ಚಿ ಎಲ್ಲರಿಗೂ ಸಾಲುತ್ತದೋ ಇಲ್ಲವೋ ನೋಡಲು ಎದ್ದು ಹೋದೆ.

ಗುಕ್ ಅಣ್ಣತಮ್ಮಂದಿರನ್ನು ನೆನೆದು ನಾವು ಎಷ್ಟು ನಕ್ಕಿದ್ದೇವೆ! ನಗುವ ಹಕ್ಕು ನಮಗೆ ಎಲ್ಲಿತ್ತು?

ಈಗ ಶಿಬಿರವಿಲ್ಲ. ಶಾಲೆಯಲ್ಲಿ ಮಕ್ಕಳೇ ಇಲ್ಲ. ಮದುವೆ ಮೇಷ್ಟ್ರೂ ಆಗಲಿಲ್ಲ, ನಾನೂ ಆಗಲಿಲ್ಲ. ಮಾ ಮೇಷ್ಟ್ರ ಕಿವಿ ಸ್ವಲ್ಪ ಮಂದವಾಗಿದೆ. ಅದಕ್ಕೇ ಇವತ್ತು ನಾನು ಧ್ವನಿವರ್ಧಕವನ್ನು ಬಾಯಿಗೆ ಇಷ್ಟು ಹತ್ತಿರ ಹಿಡಿದು ಮಾತನಾಡುತ್ತಿದ್ದೇನೆ. ಅವರಿಗೆ ಎಲ್ಲವೂ ಕೇಳಿಸಿದೆ ಎಂದು ಅವರ ಕಿವಿಯ ಬಣ್ಣ ನೋಡಿದರೆ ತಿಳಿಯುತ್ತದೆ.

ಎಪ್ಪತ್ತರ ಶುಭಾಶಯಗಳು ಮಾ ಮೇಷ್ಟ್ರೇ. ಈ ಸಭೆ ಏರ್ಪಡಿಸಿದ ಅಧ್ಯಕ್ಷರಿಗೆ, ಅಡುಗೆ ಮಾಡಿದ ತಾಯಂದಿರಿಗೆ, ನನ್ನನ್ನು ಸಹಿಸಿಕೊಂಡ ನಿಮ್ಮೆಲ್ಲರಿಗೆ ಕೃತಜ್ಞತೆಗಳು. ಮುಂದಿನ ಕಾರ್ಯಕ್ರಮ ಮಾ ಮೇಷ್ಟ್ರ ಉತ್ತರ ಭಾಷಣ. ಉದ್ದ ಮಾಡಬೇಕಾಗಿಲ್ಲ, ಒಂದು ವಾಕ್ಯವಾದರೆ ಸಾಕು. ಮೇಷ್ಟ್ರೇ, ಇಷ್ಟು ವರ್ಷ ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ. ಊಟಕ್ಕೆ ಯಾರು ಕರೆದರೂ ನಾನು ಏಳುವುದಿಲ್ಲ. ನಮಸ್ಕಾರ.